ಅಮ್ಮನಿಗೆ ಮೂರ್ಛೆ ಬಂತು

ನಮ್ಮ ಕಲಿಕಾ ಕೇಂದ್ರ ಬೈಯಪ್ಪನಹಳ್ಳಿಯಲ್ಲಿದೆ. ಸಂಜೆ 7 ಗಂಟೆಗೆ ತರಗತಿ. ರೈಲು ಬಂದರೆ ಪಾಠ ಸ್ವಲ್ಪ ಹೊತ್ತು ನಿಲ್ಲುತ್ತದೆ. ರೈಲು ದಾಟಿದ ಮೇಲೆ ಮತ್ತೆ ಪಾಠ.

ಈ ತರಗತಿಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಅವಳ ಗಂಡ ಗಾರೆ ಕೆಲಸ ಮಾಡುತ್ತಾನೆ. ಅಮ್ಮ, ತಂಗಿ ಇವರ ಜೊತೆಯಲ್ಲೇ ಇದ್ದಾರೆ. ಅಮ್ಮನಿಗೆ 52 ವರ್ಷ. ಹೂವು ಕಟ್ಟಿ ಮಾರುತ್ತಾರೆ. ಈ ಪಾಠ ಅವರ ಮನೆಯದು. "ಬರೀರಿ ಟೀಚರ್, ಹೆಸರು ಮಾತ್ರ ಬೇಡ" ಅಂದಳು. ಅದಕ್ಕೇ ಇಲ್ಲಿ ಹೆಸರಿಲ್ಲ.

ಒಂದು ದಿನ ಬೆಳಗಿನ ಜಾವ ಅಮ್ಮ ಹೂವು ಕಟ್ಟುತ್ತಾ ಕೂತಿದ್ದರು. ಇದ್ದಕ್ಕಿದ್ದಂತೆ ಒಂದು ಥರ ಕೂಗಿದರು. ಮೈ ಸೆಟೆದುಕೊಂಡಿತು. ಕೆಳಗೆ ಬಿದ್ದರು. ಕೈಕಾಲು ಜೋರಾಗಿ ಅದುರಿದವು. ಬಾಯಲ್ಲಿ ನೊರೆ ಬಂತು. ಸೀರೆಯಲ್ಲೇ ಮೂತ್ರ ಹೋಯಿತು.

ವಠಾರದವರೆಲ್ಲ ಓಡಿ ಬಂದರು. ಒಬ್ಬರು ಕೈಗೆ ಬೀಗದ ಕೀ ಕೊಟ್ಟರು. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಇನ್ನೊಬ್ಬರು ಹಲ್ಲಿನ ನಡುವೆ ಚಮಚ ತುರುಕಿದರು. ಅಮ್ಮನ ಒಂದು ಹಲ್ಲು ಮುರಿಯಿತು. ಅಷ್ಟರಲ್ಲಿ ಅದುರುವುದು ನಿಂತಿತು. "ನೋಡಿ, ಕಬ್ಬಿಣ ಹಿಡಿಸಿದ್ದಕ್ಕೆ ನಿಂತಿತು" ಅಂದರು.

ಕಬ್ಬಿಣದಿಂದ ನಿಂತಿದ್ದಲ್ಲ. ಮೂರ್ಛೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀ ಕೊಟ್ಟರೂ ನಿಲ್ಲುತ್ತದೆ, ಕೊಡದಿದ್ದರೂ ನಿಲ್ಲುತ್ತದೆ. ಹಲ್ಲು ಮುರಿದದ್ದು ಮಾತ್ರ ಚಮಚದಿಂದ.

ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದರು. ಒಂದು ತಿಂಗಳು ಹಾಗೇ ಹೋಯಿತು. ಅಮ್ಮ ಮತ್ತೆ ಬಿದ್ದರು. ಈ ಸಲ ಹಣೆ ಒಡೆಯಿತು. ಆಗ ಮಗಳು ನನ್ನ ಹತ್ತಿರ ಬಂದಳು.

"ಇದು ಮೂರ್ಛೆ ರೋಗ ಇರಬಹುದು. ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಮ್ಮ" ಅಂದೆ.

"ಅಯ್ಯೋ ಟೀಚರ್, ಅದು ಹುಚ್ಚಾಸ್ಪತ್ರೆ ಅಲ್ವಾ? ಜನ ಏನಂತಾರೆ?"

ತುಂಬ ಜನ ಹೀಗೇ ಕೇಳುತ್ತಾರೆ. ಹಿಂದೆ ಅಲ್ಲಿ ಮಾನಸಿಕ ಆಸ್ಪತ್ರೆ ಇತ್ತು, ನಿಜ. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಹೊಸೂರು ರಸ್ತೆಯಲ್ಲಿದೆ. ಮನಸ್ಸಿನ ಕಾಯಿಲೆಗೆ ಒಂದು ವಿಭಾಗ ಇದೆ. ಮೆದುಳು, ನರಗಳ ಕಾಯಿಲೆಗೆ ಬೇರೆ ವಿಭಾಗ ಇದೆ. ಮೂರ್ಛೆ ರೋಗ ಮೆದುಳಿನ ಕಾಯಿಲೆ. ಹುಚ್ಚಲ್ಲ. ಗಾಳಿ, ದೆವ್ವ, ಶಾಪ ಅಲ್ಲ. ಮುಟ್ಟಿದರೆ ಅಂಟುವುದೂ ಇಲ್ಲ.

ಅಲ್ಲಿ ಅಮ್ಮನ ತಲೆಗೆ ಸಣ್ಣ ಸಣ್ಣ ತಂತಿ ಅಂಟಿಸಿದರು. ಅಮ್ಮ ನಡುಗಿಬಿಟ್ಟರು. "ಕರೆಂಟು ಕೊಡ್ತಾರಾ?" ಅಂತ ಮಗಳ ಕೈ ಹಿಡಿದುಕೊಂಡರು. ಕರೆಂಟು ಕೊಡುವುದಿಲ್ಲ. ನೋವೂ ಇಲ್ಲ. ಆ ಪರೀಕ್ಷೆಯ ಹೆಸರು ಇ.ಇ.ಜಿ. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯರು ಇದನ್ನು ಮೊದಲು ಮನುಷ್ಯನ ಮೇಲೆ ಮಾಡಿ ನೋಡಿದ್ದು 1924ರಲ್ಲಿ.

ನಮ್ಮ ಮೆದುಳು ಕೆಲಸ ಮಾಡುವುದೇ ಸಣ್ಣ ವಿದ್ಯುತ್ತಿನಿಂದ. ಬೈಯಪ್ಪನಹಳ್ಳಿಯಲ್ಲಿ ಹಿಂದೆ ಎನ್.ಜಿ.ಇ.ಎಫ್. ಕಾರ್ಖಾನೆ ಇತ್ತು. ಅಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರ್ ತಯಾರಾಗುತ್ತಿದ್ದವು. ಅಲ್ಲಿ ದುಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವಿದ್ಯುತ್ತು ಅಳತೆಯಲ್ಲಿ ಹರಿದರೆ ಮೋಟಾರು ಸರಿಯಾಗಿ ಓಡುತ್ತದೆ. ಒಂದೇ ಸಲ ಹೆಚ್ಚಾಗಿ ನುಗ್ಗಿದರೆ ಕೆಡುತ್ತದೆ. ಮೆದುಳಿನಲ್ಲೂ ಹಾಗೆ ಒಮ್ಮೆಲೇ ನುಗ್ಗಿದಾಗ ಮೈ ಅದುರುತ್ತದೆ, ಎಚ್ಚರ ತಪ್ಪುತ್ತದೆ. ಅದೇ ಫಿಟ್ಸ್.

ಸ್ಕ್ಯಾನ್ ಮಾಡಿದಾಗ ಅಮ್ಮನ ಮೆದುಳಿನಲ್ಲಿ ಒಂದು ಹಳೆಯ ಕಲೆ ಕಂಡಿತು. ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ, ಮರಿ ಮೆದುಳಿಗೆ ಸೇರಿ ಆದ ಕಲೆ. ಹಂದಿ ಮಾಂಸ ತಿನ್ನುವವರಿಗೆ ಮಾತ್ರ ಇದು ಬರುತ್ತದೆ ಅಂತ ತಿಳಿಯಬೇಡಿ. ಹುಳು ಇರುವವರ ಮಲದಲ್ಲಿ ಮೊಟ್ಟೆ ಇರುತ್ತದೆ. ಅದು ಸೊಪ್ಪು, ತರಕಾರಿ, ನೀರು, ತೊಳೆಯದ ಕೈ, ಇವುಗಳಿಂದ ಯಾರ ಹೊಟ್ಟೆಗೂ ಹೋಗಬಹುದು. ಅಮ್ಮ ಮಾಂಸವನ್ನೇ ಮುಟ್ಟಿದವರಲ್ಲ. ವಯಸ್ಸಾದವರಿಗೆ ಹೊಸದಾಗಿ ಮೂರ್ಛೆ ಬರಲು ಬೇರೆ ಕಾರಣಗಳೂ ಇವೆ. ತಲೆಗೆ ಪೆಟ್ಟು ಬಿದ್ದಿರಬಹುದು. ಲಕ್ವ ಹೊಡೆದಿರಬಹುದು. ಕುಡಿತ ಇರಬಹುದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ.

ವೈದ್ಯರು ದಿನಕ್ಕೆ 2 ಮಾತ್ರೆ ಬರೆದರು. ಬೆಳಿಗ್ಗೆ 1, ರಾತ್ರಿ 1. "ಒಂದು ದಿನವೂ ತಪ್ಪಿಸಬಾರದು. ನಾವು ಹೇಳದೆ ನಿಲ್ಲಿಸಬಾರದು" ಅಂದರು. ಆಮೇಲೆ ಮಗಳನ್ನು ಕೇಳಿದರು: "ಯಾವ ದಿನ ಬಿದ್ದರು? ಎಷ್ಟು ಹೊತ್ತು ಇತ್ತು? ಮೊದಲು ಯಾವ ಕೈ ಅದುರಿತು?"

ಅವಳಿಗೆ ನೆನಪಿರಲಿಲ್ಲ. ವೈದ್ಯರು ಒಂದು ಮಾತು ಹೇಳಿದರು: "ಮುಂದಿನ ಸಲ ಬರೆದುಕೊಂಡು ಬಾಮ್ಮ. ಸಾಧ್ಯ ಆದರೆ ಮೊಬೈಲಲ್ಲಿ ವಿಡಿಯೋ ತೆಗಿ. ನಮ್ಮೆದುರಿಗೆ ಫಿಟ್ಸ್ ಬರೋದು ಅಪರೂಪ. ನೀವು ನೋಡಿದ್ದೇ ನಮಗೆ ಆಧಾರ."

ಅವಳು ಅಕ್ಷರ ಕಲಿತು ಆಗ 5 ತಿಂಗಳಾಗಿತ್ತು. ಬಸ್ಸಿನ ಬೋರ್ಡು ಓದುವುದಕ್ಕೆ, ಸಂಬಳದ ಚೀಟಿಗೆ ಸಹಿ ಹಾಕುವುದಕ್ಕೆ ಅಂತ ಕಲಿತದ್ದು. ಬರೆದದ್ದು ಆಸ್ಪತ್ರೆಗೆ ಬೇಕಾಗುತ್ತದೆ ಅಂತ ಅವಳು ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಒಂದು ನೋಟ್‌ಬುಕ್ ತಂದಳು. ಗೆರೆ ಎಳೆದೆವು. ತಾರೀಖು, ಬೆಳಿಗ್ಗೆ ಮಾತ್ರೆ, ರಾತ್ರಿ ಮಾತ್ರೆ, ಫಿಟ್ಸ್ ಬಂತೇ, ಎಷ್ಟು ನಿಮಿಷ.

ಬರೆಯಲು ಕೂತಾಗ ಇನ್ನೊಂದು ವಿಷಯ ತಿಳಿಯಿತು. ಅಮ್ಮ ಆಗಾಗ ಕೆಲಸ ನಿಲ್ಲಿಸಿ ಸುಮ್ಮನೆ ಒಂದೇ ಕಡೆ ನೋಡುತ್ತಿದ್ದರು. ತುಟಿ ಚಪ್ಪರಿಸುತ್ತಿದ್ದರು. ಕರೆದರೆ ಉತ್ತರ ಇಲ್ಲ. ಅನ್ನ ಸೀದು ಹೋಗುತ್ತಿತ್ತು. ಮನೆಯವರು "ಅಮ್ಮಂಗೆ ಮರೆವು" ಅಂತ ಬೈಯುತ್ತಿದ್ದರು. ಅದೂ ಒಂದು ಬಗೆಯ ಫಿಟ್ಸ್. ಬೀಳದೆಯೂ ಫಿಟ್ಸ್ ಬರುತ್ತದೆ. ಅದನ್ನೂ ಬರೆಯಬೇಕು.

ಮೂರು ತಿಂಗಳು ಏನೂ ಆಗಲಿಲ್ಲ. ಆದರೆ ಮನೆಯಲ್ಲಿ ಜಗಳ ಶುರುವಾಯಿತು. ಮಗಳು ಅಮ್ಮನನ್ನು ಹೂವು ಮಾರಲು ಬಿಡಲಿಲ್ಲ. ಒಲೆ ಹಚ್ಚಲು ಬಿಡಲಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲ ಬಳಿ ನಿಂತು ಎರಡು ನಿಮಿಷಕ್ಕೊಮ್ಮೆ ಕೂಗುತ್ತಿದ್ದಳು.

"ನಿನ್ನ ನಾನು ಹೆತ್ತಿದ್ದೋ, ನನ್ನ ನೀನು ಹೆತ್ತಿದ್ದೋ?" ಅಂದರು ಅಮ್ಮ.

ನನಗೆ ಅಮ್ಮನ ಮಾತೇ ಸರಿ ಅನ್ನಿಸಿತು. ಭಯಕ್ಕೆ ನಾವು ದೊಡ್ಡವರನ್ನು ಮಗು ಮಾಡಿಬಿಡುತ್ತೇವೆ. ಮೂವತ್ತು ವರ್ಷ ದುಡಿದ ಕೈ ಸುಮ್ಮನೆ ಕೂತರೆ ಮನಸ್ಸು ಕುಗ್ಗುತ್ತದೆ. ಹಾಗಂತ ಎಚ್ಚರ ಇಲ್ಲದಿದ್ದರೂ ಆಗದು. ಬಚ್ಚಲಿನ ಬಾಗಿಲು ಮುಚ್ಚಿರಲಿ, ಚಿಲಕ ಹಾಕುವುದು ಬೇಡ. ಒಲೆ ಮುಂದೆ ಒಬ್ಬರೇ ಇರುವುದು ಬೇಡ. ಹೂವಿನ ಬುಟ್ಟಿ ರಸ್ತೆ ಅಂಚಿನಿಂದ ಗೋಡೆ ಪಕ್ಕಕ್ಕೆ ಬರಲಿ. ರೈಲು ಹಳಿ ದಾಟುವುದು ಬೇಡವೇ ಬೇಡ. ಮೆಟ್ರೋದಲ್ಲಿ ಹಳದಿ ಗೆರೆಯಿಂದ ಚೆನ್ನಾಗಿ ಹಿಂದೆ ನಿಲ್ಲಲಿ. ಇಷ್ಟನ್ನು ಅಮ್ಮನೂ ಒಪ್ಪಿದರು. ಪಕ್ಕದಲ್ಲಿ ಸೊಪ್ಪು ಮಾರುವ ಹೆಂಗಸಿಗೆ ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಮಗಳು ಹೇಳಿಕೊಟ್ಟಳು. ಅಮ್ಮ ಮತ್ತೆ ಹೂವಿಗೆ ಕೂತರು.

ಅವಳು ಹೇಳಿಕೊಟ್ಟದ್ದು ಇದು. ಗಾಬರಿ ಬೇಡ. ಗಡಿಯಾರ ನೋಡಿ. ಹತ್ತಿರದ ಚಾಕು, ಕತ್ತರಿ, ಕಲ್ಲು ತೆಗೆಯಿರಿ. ತಲೆ ಕೆಳಗೆ ಮಡಿಸಿದ ಬಟ್ಟೆ ಇಡಿ. ಕುತ್ತಿಗೆ ಬಳಿ ಬಿಗಿ ಇದ್ದರೆ ಸಡಿಲಿಸಿ. ಒಂದು ಮಗ್ಗುಲಿಗೆ ಹೊರಳಿಸಿ, ನೊರೆ ಹೊರಗೆ ಹರಿಯಲಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಏನನ್ನೂ ಹಾಕಬೇಡಿ. ಚಮಚ ಬೇಡ, ಬಟ್ಟೆ ಬೇಡ, ನೀರೂ ಬೇಡ. ಪೂರ್ತಿ ಎಚ್ಚರ ಆಗುವ ತನಕ ಪಕ್ಕದಲ್ಲೇ ಇರಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಎಚ್ಚರ ಆಗುವ ಮೊದಲೇ ಇನ್ನೊಂದು ಬಂದರೂ, ತಲೆಗೆ ಜೋರು ಪೆಟ್ಟಾದರೂ, ಉಸಿರಾಟ ಸರಿ ಇಲ್ಲದಿದ್ದರೂ ಕಾಯಬೇಡಿ.

ನಾಲ್ಕನೆಯ ತಿಂಗಳು ತಂಗಿಗೆ ಒಂದು ಸಂಬಂಧ ಬಂತು. ಗಂಡಿನ ಕಡೆಯವರು ನೋಡಿ ಹೋದರು. ಅದಾಗಿ ಕೆಲವು ದಿನಕ್ಕೆ ಅಮ್ಮ ಮತ್ತೆ ಬಿದ್ದರು.

ನೋಟ್‌ಬುಕ್ಕಿನಲ್ಲಿ ಎಲ್ಲ ದಿನವೂ ಸರಿ ಗುರುತು ಇತ್ತು. ಮಗಳು ಕೆಲಸಕ್ಕೆ ಹೋದಾಗ ಗುರುತು ಹಾಕುತ್ತಿದ್ದದ್ದು ಅಮ್ಮನೇ. ಹಾಗಾದರೆ ಫಿಟ್ಸ್ ಯಾಕೆ ಬಂತು? ಮಗಳು ಮಾತ್ರೆ ಎಣಿಸಿದಳು. ತಂದದ್ದು 60. ದಿನಕ್ಕೆ 2. ಆಗಿದ್ದು 20 ದಿನ. ಖರ್ಚಾಗಬೇಕಾದದ್ದು 40. ಉಳಿಯಬೇಕಾದದ್ದು 20. ಅಕ್ಕಿ ಡಬ್ಬದ ಹಿಂದೆ ಇದ್ದದ್ದು 29.

"ಅಮ್ಮ, 9 ಮಾತ್ರೆ ಯಾಕೆ ತಗೊಂಡಿಲ್ಲ?"

ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ಅವರು ಮನೇಲಿದ್ದಾಗ ಹೆಂಗೆ ತಗೊಳ್ಳಲಿ? ಮದುವೆ ಆಗೋವರ್ಗೂ ಗೊತ್ತಾಗದೇ ಇರಲಿ ಅಂತ. ಆಮೇಲೆ ನೋಡಿದ್ರೆ ಎರಡು ದಿನ ಬಿಟ್ರೂ ಏನೂ ಆಗ್ಲಿಲ್ಲ. ಮಾತ್ರೆ ತಗೊಂಡ್ರೆ ತೂಕಡಿಕೆ ಬರ್ತದೆ ಕಣೆ. ಹೂವು ಕಟ್ಟೋಕ್ಕಾಗಲ್ಲ."

ಮಗಳಿಗೆ ಕೋಪ ಬಂತು. ಆದರೂ ಎಣಿಕೆ ಬರೆದುಕೊಂಡು ಆಸ್ಪತ್ರೆಗೆ ಹೋದಳು. ಅದನ್ನು ನೋಡಿ ವೈದ್ಯರು, "ಮಾತ್ರೆ ಸೋತಿಲ್ಲ, ತಪ್ಪಿದೆ ಅಷ್ಟೆ. ಲೆಕ್ಕ ಇಲ್ಲದಿದ್ದರೆ ನಾನು ಇನ್ನೊಂದು ಮಾತ್ರೆ ಸೇರಿಸುತ್ತಿದ್ದೆ" ಅಂದರು. ತೂಕಡಿಕೆಯ ವಿಷಯ ಕೇಳಿ ಮಾತ್ರೆಯ ಪ್ರಮಾಣ ಬದಲಾಯಿಸಿದರು. ಮಾತ್ರೆಯಿಂದ ತೂಕಡಿಕೆ, ತೂರಾಟ ಆದರೆ ವೈದ್ಯರಿಗೆ ಹೇಳಬೇಕು. ಮೈಮೇಲೆ ಗುಳ್ಳೆ ಎದ್ದರೆ ಅದೇ ದಿನ ಹೋಗಬೇಕು. ನಾವೇ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು.

ಮಾತ್ರೆಯಿಂದ ಗುಣ ಕಾಣುತ್ತದೆಯೇ ಅಂತ ಕೇಳುವವರಿಗೆ ನಮ್ಮ ನಾಡಿನದೇ ಉತ್ತರ ಇದೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಜೊತೆಯ ವೈದ್ಯರು ಹಳ್ಳಿ ಜನರಿಗೆ ಕಡಿಮೆ ಬೆಲೆಯ ಹಳೆಯ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಮೂರ್ಛೆ ಬರುವುದು ನಿಂತಿತು. ಆ ವರದಿ 2001ರಲ್ಲಿ ಪ್ರಕಟವಾಯಿತು. ಸರಿಯಾಗಿ ಔಷಧಿ ಸಿಕ್ಕರೆ 10 ಜನರಲ್ಲಿ 7 ಜನ ಮೂರ್ಛೆ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಿದ್ದೆಗೆಟ್ಟರೂ ಮೂರ್ಛೆ ಬರಬಹುದು. ಶಿವರಾತ್ರಿ ಜಾಗರಣೆ, ಕರಗದ ರಾತ್ರಿ, ಅಮ್ಮ ಎಂದೂ ಬಿಟ್ಟವರಲ್ಲ. ಈಗ ಸಂಜೆಯೇ ಕೈಮುಗಿದು ಬಂದು ಮಲಗುತ್ತಾರೆ. ಅದೊಂದು ಅವರಿಗೆ ಇನ್ನೂ ಬೇಜಾರು. ಇನ್ನೊಂದು ವಿಷಯ. ನಮ್ಮ ಮೈಸೂರು, ಬೆಂಗಳೂರು ಕಡೆ ಕೆಲವರಿಗೆ ತಲೆ ಮೇಲೆ ಬಿಸಿ ಬಿಸಿ ನೀರು ಸುರಿದುಕೊಂಡರೆ ಫಿಟ್ಸ್ ಬರುತ್ತದೆ. ನಿಮ್ಹಾನ್ಸ್ ವೈದ್ಯರು ಇದನ್ನು ವಿಶೇಷವಾಗಿ ಅಭ್ಯಾಸ ಮಾಡಿದ್ದಾರೆ. ಅಂಥವರು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಬೇಕು. ನಮ್ಮ ಅಮ್ಮನದು ಅದಲ್ಲ.

ಮದುವೆಯ ಮಾತಿಗೆ ಬರೋಣ. ಹಿಂದೆ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಇದ್ದವರ ಮದುವೆಗೇ ಅಡ್ಡಿ ಇತ್ತು. 1999ರಲ್ಲಿ ಆ ಮಾತನ್ನು ಕಾಯ್ದೆಯಿಂದ ತೆಗೆದು ಹಾಕಿದರು. ಇಲ್ಲಿ ಕಾಯಿಲೆ ಇದ್ದದ್ದು ಹುಡುಗಿಗೂ ಅಲ್ಲ, ಅವಳ ತಾಯಿಗೆ. ಹುಳುವಿನ ಕಲೆಯಿಂದ ಬಂದ ಮೂರ್ಛೆ ಮಕ್ಕಳಿಗೆ ಇಳಿದು ಬರುವುದಿಲ್ಲ. ಮಗಳು ಗಂಡಿನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಆ ಸಂಬಂಧ ಕೂಡಿ ಬರಲಿಲ್ಲ. ಅವರು ಕಾರಣ ಹೇಳಲಿಲ್ಲ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಂಗಿ ಮಾತ್ರ, "ಬಿಡಮ್ಮ, ನಿನ್ನ ಮಾತ್ರೆ ಬಚ್ಚಿಟ್ಟು ನಾನು ಬಾಳಬೇಕಾ?" ಅಂದಳು.

ಈಗ ಅಮ್ಮನೂ ನಮ್ಮ ತರಗತಿಗೆ ಬರುತ್ತಾರೆ. ಸರಿ ಗುರುತಿನ ಬದಲು ಒಂದು ಪದ ಬರೆಯಲು ಕಲಿತಿದ್ದಾರೆ. ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

ತಾರೀಖು 4. ಬೆಳಿಗ್ಗೆ: ತಗೊಂಡೆ. ರಾತ್ರಿ: ತಗೊಂಡೆ. ಫಿಟ್ಸ್: ಇಲ್ಲ.
ತಾರೀಖು 5. ಬೆಳಿಗ್ಗೆ: ತಗೊಂಡೆ. ರಾತ್ರಿ: ಮರೆತೆ. ಫಿಟ್ಸ್: ಇಲ್ಲ.
ತಾರೀಖು 6. ಬೆಳಿಗ್ಗೆ: ತಗೊಂಡೆ. ರಾತ್ರಿ: ತಗೊಂಡೆ. ಫಿಟ್ಸ್: ಇಲ್ಲ.

"ಮರೆತೆ" ಎಂಬ ಪದದ ಮೇಲೆ ಎರಡು ಸಲ ತಿದ್ದಿದ ಗುರುತು ಇದೆ.

ಅಭ್ಯಾಸ

1. ಅಮ್ಮನ ಹಲ್ಲು ಮುರಿದದ್ದು ಯಾವುದರಿಂದ? ಒಂದು ಸಾಲು ಬರೆಯಿರಿ.
2. ನಿಮ್ಮ ಮನೆಯಲ್ಲಿ ದಿನವೂ ಮಾತ್ರೆ ತೆಗೆದುಕೊಳ್ಳುವವರು ಯಾರು? ಅವರ ಹೆಸರು, ಮಾತ್ರೆಯ ಹೊತ್ತು ಬರೆಯಿರಿ.
3. 60 ಮಾತ್ರೆ ತಂದಿದ್ದೀರಿ. ದಿನಕ್ಕೆ 2. ಇವತ್ತಿಗೆ 12 ದಿನ ಆಯಿತು. ಎಷ್ಟು ಉಳಿದಿರಬೇಕು?