ಲೆಟ್ಯೂಸ್ ಮತ್ತು ನುಗ್ಗೆ: ಹಿತ್ತಲಿಗೆ ಯಾವುದು, ತಟ್ಟೆಗೆ ಯಾವುದು?



ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ನಿಮ್ಮ ಕೈಗೆ ಬರುವ ಬಿಡುಗಡೆ ಚೀಟಿಯಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, "ಹಸಿರು ಸೊಪ್ಪು ಸೇವಿಸಿ" ಎಂಬ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಯಾವ ಸೊಪ್ಪು, ಎಷ್ಟು, ಹಸಿಯೋ ಬೇಯಿಸಿದ್ದೋ ಎಂದು ಕೇಳಲು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಪಟ್ಟಣದಲ್ಲಿ ನೌಕರಿ ಮಾಡುವ ಮಕ್ಕಳು ದೊಡ್ಡ ಅಂಗಡಿಯಿಂದ ಲೆಟ್ಯೂಸ್ ಎಂಬ ಸೊಪ್ಪನ್ನು ತಂದು, "ಅಪ್ಪಾ, ಇದನ್ನು ಹಸಿಯಾಗಿಯೇ ತಿನ್ನಿ, ಬಹಳ ಒಳ್ಳೆಯದಂತೆ" ಎಂದು ಕೊಡುವುದುಂಟು. ಅದೇ ಹೊತ್ತಿಗೆ ಊರಿನ ಹಿತ್ತಲಲ್ಲಿ ನುಗ್ಗೆ ಮರ ಯಾರ ಗಮನಕ್ಕೂ ಬಾರದೆ ಹೂ ಬಿಟ್ಟು ನಿಂತಿರುತ್ತದೆ. ಈ ಎರಡರ ಗುಣ ಮತ್ತು ಆರೈಕೆ ಏನೆಂದು ತಿಳಿದುಕೊಂಡರೆ, ಚೀಟಿಯ ಆ ಒಂದು ಸಾಲನ್ನು ಪಾಲಿಸುವುದು ಸುಲಭವಾಗುತ್ತದೆ.

ಲೆಟ್ಯೂಸ್ ನೋಡಲು ಎಲೆಕೋಸಿನಂತೆ ಕಂಡರೂ ಅದರ ಬಂಧುವಲ್ಲ. ಅದು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ್ದು. ದಂಟನ್ನು ಮುರಿದರೆ ಹಾಲಿನಂಥ ರಸ ಬರುತ್ತದೆ. ಅದರ ಲ್ಯಾಟಿನ್ ಹೆಸರಿನಲ್ಲಿಯೂ ಹಾಲು ಎಂಬ ಅರ್ಥವೇ ಅಡಗಿದೆ. ಇದು ತಂಪು ಹವೆಯ ಬೆಳೆ. 15ರಿಂದ 20 ಡಿಗ್ರಿ ಉಷ್ಣಾಂಶದಲ್ಲಿ ಚೆನ್ನಾಗಿ ಬರುತ್ತದೆ. ಆದ್ದರಿಂದಲೇ ನೀಲಗಿರಿ ಮತ್ತು ಬೆಂಗಳೂರಿನ ಸುತ್ತಮುತ್ತ ಇದನ್ನು ಬೆಳೆಯುತ್ತಾರೆ. ನಮ್ಮ ಬಯಲುಸೀಮೆಯವರು ಬೆಳೆಯಬೇಕೆಂದರೆ ಚಳಿಗಾಲವೊಂದೇ ದಾರಿ. ಮಣ್ಣು ಕಾದರೆ ಬೀಜ ಮೊಳೆಯುವುದೇ ಇಲ್ಲ. ಬೀಜದ ಮೇಲೆ ಮಣ್ಣು ಹೆಚ್ಚಾಗಿ ಮುಚ್ಚಿದರೂ ಅಷ್ಟೇ, ಏಕೆಂದರೆ ಅದಕ್ಕೆ ಮೊಳೆಯಲು ಬೆಳಕು ಬೇಕು. ಬೇರು ಮೇಲ್ಮಣ್ಣಿನಲ್ಲಿಯೇ ಇರುವುದರಿಂದ ಪ್ರತಿದಿನ ಸ್ವಲ್ಪ ಸ್ವಲ್ಪ ನೀರು ಕೊಡಬೇಕು. ಎರಡು ದಿನ ಮರೆತರೆ ಬಾಡುತ್ತದೆ. ಬಿಸಿಲೇರಿತೆಂದರೆ ನಡುವಿನಿಂದ ಉದ್ದನೆಯ ಹೂದಂಟು ಎದ್ದು, ಎಲೆಯೆಲ್ಲ ಕಹಿಯಾಗುತ್ತದೆ. ಇಷ್ಟನ್ನೆಲ್ಲ ನೋಡಿಕೊಂಡರೆ ಒಂದೂವರೆ ಎರಡು ತಿಂಗಳಲ್ಲಿ ಎಲೆ ಕೈಗೆ ಬರುತ್ತದೆ. ಕುಂಡದಲ್ಲಿಯೂ ಬೆಳೆಯಬಹುದು, ಹೊರಗಿನ ಎಲೆಗಳನ್ನಷ್ಟೇ ಕೀಳುತ್ತಾ ಹೋಗಬಹುದು. ಆದರೆ ರೋಗಿಯನ್ನು ನೋಡಿಕೊಳ್ಳುವ ಮನೆಯಲ್ಲಿ ದಿನನಿತ್ಯದ ಈ ಚಾಕರಿಗೆ ಬಿಡುವು ಎಲ್ಲಿಂದ ಬರಬೇಕು ಎಂಬುದು ನಮ್ಮ ಪ್ರಶ್ನೆ.

ನುಗ್ಗೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಹಿಮಾಲಯದ ತಪ್ಪಲಿನಿಂದ ಬಂದ ಈ ಮರ ಬಿಸಿಲು ಮತ್ತು ಬರಗಾಲ ಎರಡನ್ನೂ ತಡೆಯುತ್ತದೆ. ತಡೆಯದಿರುವುದು ಒಂದನ್ನೇ, ಬುಡದಲ್ಲಿ ನಿಂತ ನೀರನ್ನು. ಬಚ್ಚಲ ನೀರು ಹರಿದು ನಿಲ್ಲುವ ಕಡೆ ನೆಟ್ಟರೆ ಬೇರು ಕೊಳೆಯುತ್ತದೆ. ಸ್ವಲ್ಪ ಎತ್ತರದ ಜಾಗದಲ್ಲಿ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಬಲಿತ ಕೊಂಬೆಯ ಮೂರಡಿಯಷ್ಟು ಉದ್ದದ ತುಂಡನ್ನು ಊರಿದರೆ ಸಾಕು, ಚಿಗುರುತ್ತದೆ. ಬೀಜದಿಂದಲೂ ಬೆಳೆಸಬಹುದು. ತಮಿಳುನಾಡಿನ ಪೆರಿಯಕುಳಂನ ಪಿ.ಕೆ.ಎಂ.-1 ಎಂಬ ತಳಿಯನ್ನು ಬೀಜ ಹಾಕಿಯೇ ಬೆಳೆಸುತ್ತಾರೆ. ಸಸಿ ಎರಡೂವರೆ ಅಡಿ ಆದಾಗ ಕುಡಿ ಚಿವುಟಬೇಕು. ಇದನ್ನು ಮಾತ್ರ ಮರೆಯಬೇಡಿ. ಚಿವುಟದಿದ್ದರೆ ಮರ ಆಕಾಶಕ್ಕೆ ಏರಿ, ಸೊಪ್ಪು, ಹೂವು, ಕಾಯಿ ಯಾವುದೂ ಕೈಗೆ ಸಿಗುವುದಿಲ್ಲ. ಚಿವುಟಿದರೆ ಪಕ್ಕದ ಟೊಂಗೆಗಳು ಒಡೆದು ಗಿಡ ಪೊದೆಯಾಗುತ್ತದೆ. ಕಾಯಿಯ ಕಾಲ ಮುಗಿದ ಮೇಲೆ ಪ್ರತಿವರ್ಷ ಕತ್ತರಿಸಿ ತಗ್ಗಿಸುತ್ತಿರಬೇಕು.

ಹೂವು ಬಿಳಿ ಬಣ್ಣದ್ದು, ತುಸು ಹಳದಿ ಛಾಯೆಯದು, ಸುವಾಸನೆಯುಳ್ಳದ್ದು. ಜೇನುನೊಣಗಳು ಮುತ್ತುತ್ತವೆ. ಹೂ ಬಿಟ್ಟಾಗ ಬುಡಕ್ಕೆ ನೀರು ವಿಪರೀತವಾದರೂ ಹೂ ಉದುರುತ್ತದೆ, ಪೂರಾ ಒಣಗಿದರೂ ಉದುರುತ್ತದೆ. ಉದುರಿದ ಹೂವಿನ ಬಗ್ಗೆ ಮರುಗಬೇಕಿಲ್ಲ, ತಾಜಾ ಇದ್ದರೆ ತೊಳೆದು ಬೇಳೆಯ ಜೊತೆ ಪಲ್ಯ ಮಾಡಬಹುದು.

ಮನೆಯ ಮುಂದೆ ನುಗ್ಗೆ ಮರ ಕೂಡದು ಎನ್ನುವ ಹಿರಿಯರಿದ್ದಾರೆ. ದೆವ್ವದ ಮಾತು ಬದಿಗಿರಲಿ, ಅದರ ಹಿಂದೆ ಅನುಭವದ ಎರಡು ಕಾರಣಗಳಿರಬಹುದು ಎಂದು ನಮಗೆ ತೋರುತ್ತದೆ. ಮಳೆಗಾಲದಲ್ಲಿ ಇದರ ಕಾಂಡದ ಮೇಲೆ ಕಂಬಳಿಹುಳುಗಳು ಗುಂಪಾಗಿ ಕೂರುತ್ತವೆ. ಅವುಗಳ ರೋಮ ತಾಗಿದರೆ ಮೈಯೆಲ್ಲ ತುರಿಕೆ. ಉದ್ದ ಕೋಲಿಗೆ ಪೊರಕೆ ಕಟ್ಟಿ ಸಾಬೂನು ನೀರಿನ ಬಕೆಟ್ಟಿಗೆ ಗುಡಿಸಿ, ಬರಿಗೈಯಿಂದ ಮುಟ್ಟಬೇಡಿ. ಎರಡನೆಯದು ಇನ್ನೂ ಮುಖ್ಯವಾದದ್ದು. ನುಗ್ಗೆಯ ಕೊಂಬೆ ನೋಡಲು ದಪ್ಪವಾಗಿದ್ದರೂ ಮೆದು, ಭಾರ ಬಿದ್ದರೆ ಲಟಕ್ಕನೆ ಮುರಿಯುತ್ತದೆ. ಕಾಯಿಯ ಆಸೆಗೆ ಹತ್ತಿ ಬಿದ್ದು ಸೊಂಟ, ಕೈಕಾಲು ಮುರಿದುಕೊಂಡು ಆಸ್ಪತ್ರೆಗೆ ಬರುವ ಪ್ರಸಂಗ ತಂದುಕೊಳ್ಳಬೇಡಿ. ದೋಟಿ ಬಳಸಿ. ಮಕ್ಕಳನ್ನು ಹತ್ತಿಸಲೇಬೇಡಿ.

ಇನ್ನು ತಟ್ಟೆಯ ವಿಚಾರ. ಲೆಟ್ಯೂಸಿನ 100 ಗ್ರಾಂನಲ್ಲಿ ಸುಮಾರು 95 ಗ್ರಾಂ ನೀರೇ. ಸಸಾರಜನಕ ಒಂದು ಒಂದೂವರೆ ಗ್ರಾಂ, ಕಬ್ಬಿಣಾಂಶ ಒಂದು ಮಿಲಿಗ್ರಾಂಗಿಂತ ಕಡಿಮೆ. ನುಗ್ಗೆಸೊಪ್ಪಿನ ಅಷ್ಟೇ ತೂಕದಲ್ಲಿ ಸಸಾರಜನಕ 6 ಗ್ರಾಂಗಿಂತ ಹೆಚ್ಚು, ಕಬ್ಬಿಣಾಂಶ ಸುಮಾರು 4 ಮಿಲಿಗ್ರಾಂ, ಸುಣ್ಣದಂಶವಂತೂ ಲೆಟ್ಯೂಸಿಗಿಂತ ಹಲವು ಪಟ್ಟು. ಹಾಗೆಂದು ಲೆಟ್ಯೂಸ್ ಕೆಟ್ಟದ್ದಲ್ಲ. ತೂಕ ಇಳಿಸಬೇಕಾದವರಿಗೆ ಹೊಟ್ಟೆ ತುಂಬಿಸುವ, ಶಕ್ತಿಯಂಶ ಬಹಳ ಕಡಿಮೆ ಇರುವ ಆಹಾರ ಅದು. ಆದರೆ ರಕ್ತಹೀನತೆಯಿಂದ ಬಳಲುವ ಬಾಣಂತಿಗೋ, ಶಸ್ತ್ರಚಿಕಿತ್ಸೆಯಾಗಿ ಸೊರಗಿದವರಿಗೋ ದುಬಾರಿ ಲೆಟ್ಯೂಸ್ ಹುಡುಕುವ ಅಗತ್ಯವಿಲ್ಲ. ನುಗ್ಗೆಸೊಪ್ಪಿನ ಪಲ್ಯದ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಹೆಚ್ಚು ಹೀರಿಕೆಯಾಗುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಮಾತ್ರ ಸೊಪ್ಪಿನ ಭರವಸೆಯಲ್ಲಿ ನಿಲ್ಲಿಸಬಾರದು.

ಲೆಟ್ಯೂಸನ್ನು ಹಸಿಯಾಗಿ ತಿನ್ನುವುದರಲ್ಲಿ ಒಂದು ಅಪಾಯವಿದೆ. ಮಾಂಸ ಮುಟ್ಟದವರಿಗೂ ಲಾಡಿಹುಳುವಿನಿಂದ ಮೂರ್ಛೆರೋಗ ಬರಬಹುದು ಎಂದರೆ ಅನೇಕರು ನಂಬುವುದಿಲ್ಲ. ಈ ಹುಳು ಹೊಟ್ಟೆಯಲ್ಲಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಕೊಳಚೆ ನೀರು ಹಾಯಿಸಿದ ತೋಟದ ಸೊಪ್ಪಿಗೆ ಅವು ಅಂಟಿಕೊಂಡು, ಹಸಿಯಾಗಿ ತಿಂದವರ ಹೊಟ್ಟೆ ಸೇರುತ್ತವೆ. ಮರಿಗಳು ರಕ್ತದ ಮೂಲಕ ಮೆದುಳಿಗೆ ಹೋಗಿ ಗಂಟು ಕಟ್ಟುತ್ತವೆ. ಆದ್ದರಿಂದ ಎಲೆಗಳನ್ನು ಬಿಡಿಸಿ, ಒಂದೊಂದನ್ನೇ ಹರಿಯುವ ಶುದ್ಧ ನೀರಿನಲ್ಲಿ ಎರಡೂ ಬದಿ ಉಜ್ಜಿ ತೊಳೆಯಿರಿ. ಉಪ್ಪುನೀರಿನಲ್ಲಿ ಅದ್ದಿಟ್ಟರೆ ಎಲ್ಲ ಸಾಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದು ಬಿಳಿರಕ್ತಕಣ ಕಡಿಮೆಯಾದವರು, ಮೂತ್ರಪಿಂಡ ಕಸಿಯಾದವರು ವೈದ್ಯರನ್ನು ಕೇಳದೆ ಹಸಿ ಸೊಪ್ಪು ತಿನ್ನಬಾರದು. ನುಗ್ಗೆಸೊಪ್ಪನ್ನು ನಾವು ಹೇಗೂ ಬೇಯಿಸಿಯೇ ತಿನ್ನುತ್ತೇವೆ, ಇದರಿಂದ ಆ ಚಿಂತೆ ಅರ್ಧ ಕಳೆಯುತ್ತದೆ.

ನುಗ್ಗೆಯ ವಿಷಯದಲ್ಲಿಯೂ ಎಚ್ಚರಿಕೆ ಬೇಕಾದವರಿದ್ದಾರೆ. ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೊಕೂಮರಾಲ್ ಮಾತ್ರೆ ನುಂಗುವವರು ಗಮನಿಸಿ. ಹಸಿರು ಸೊಪ್ಪುಗಳಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಕೆಲಸಕ್ಕೆ ವಿರುದ್ಧವಾದದ್ದು. ಲೆಟ್ಯೂಸಿನಲ್ಲಿಯೂ ಅದು ಸಾಕಷ್ಟಿದೆ. ಸೊಪ್ಪನ್ನು ಪೂರಾ ಬಿಡಬೇಕಿಲ್ಲ, ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣವಿರಲಿ. ಒಂದು ವಾರ ದಿನಾ ನುಗ್ಗೆಸೊಪ್ಪು, ಇನ್ನೊಂದು ವಾರ ಎಲೆಯೂ ಇಲ್ಲ ಎಂದಾದರೆ ಐ.ಎನ್.ಆರ್. ಪರೀಕ್ಷೆಯ ಅಂಕಿ ಏರುಪೇರಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಪೊಟ್ಯಾಷಿಯಂ ಎಷ್ಟಿರಬೇಕೆಂದು ವೈದ್ಯರಿಂದ ತಿಳಿದುಕೊಂಡು, ಅವರು ಒಪ್ಪಿದರೆ ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರನ್ನು ಬಸಿದು ಚೆಲ್ಲಿ ಉಪಯೋಗಿಸಬೇಕು. ಸಕ್ಕರೆ ಕಾಯಿಲೆಗೆಂದು ನುಗ್ಗೆಯ ಪುಡಿ ಮಾರುವವರ ಮಾತು ಕೇಳಿ ಮಾತ್ರೆ ಬಿಡಬೇಡಿ. ಗರ್ಭಿಣಿಯರಿಗೆ ಅಡುಗೆಯ ಸೊಪ್ಪು ಸರಿ, ಬೇರು ಮತ್ತು ತೊಗಟೆಯ ಕಷಾಯ ಸರ್ವಥಾ ಕೂಡದು.

ಮೊದಲ ಸಲ ತಿನ್ನುವವರು ಒಂದು ಹಿಡಿ ಎಳೆ ಎಲೆಯಿಂದ ಆರಂಭಿಸಿ. ಎಲೆಯನ್ನು ಕಡ್ಡಿಯಿಂದ ಪೂರ್ತಿ ಬಿಡಿಸಬೇಕು, ಕಡ್ಡಿ ಸೇರಿದರೆ ನಾರುನಾರಾಗುತ್ತದೆ. ತೊಗರಿಬೇಳೆ ಅರೆಬೆಂದ ಮೇಲೆ ಸೊಪ್ಪು ಹಾಕಿ ಕೆಲವೇ ನಿಮಿಷ ಬೇಯಿಸಿ, ಉಪ್ಪು ಮಿತವಾಗಿರಲಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ.