ಮರಳಿ ಕರೆಯುವ ಹೊಣೆ

ಬೆಂಗಳೂರಿನ ಹೊರವಲಯದ ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್‌ಗಳಲ್ಲಿ ಬೆಳಗಾಗುವುದೇ ವಾಹನಗಳ ಸದ್ದಿನಿಂದ. ಕಬ್ಬಿಣದ ಸರಳುಗಳನ್ನು ಹೊತ್ತ ಲಾರಿ, ನೀರಿನ ಟ್ಯಾಂಕರು, ಬಿಡಿಭಾಗಗಳನ್ನು ಕಾರ್ಖಾನೆಯಿಂದ ಕಾರ್ಖಾನೆಗೆ ಒಯ್ಯುವ ಸರಕುಗಾಡಿ, ವಿದ್ಯುತ್ ಕಂಬದ ಕೆಲಸಕ್ಕೆ ನೌಕರರನ್ನು ಮೇಲೆತ್ತುವ ಬುಟ್ಟಿಯುಳ್ಳ ಲಾರಿ ಇವೆಲ್ಲವೂ ದುಡಿಯುವ ವಾಹನಗಳು. ಇವು ನಿಂತರೆ ಊರಿನ ಕೆಲಸ ನಿಲ್ಲುತ್ತದೆ. ಎಷ್ಟೋ ಮನೆಗಳ ಒಲೆ ಆರುತ್ತದೆ. ಇಂಥ ವಾಹನದೊಳಗೇ ಬೆಂಕಿಯ ಕಿಡಿ ಅಡಗಿದ್ದರೆ ಗತಿಯೇನು?

ಲಾರಿಯ ಬ್ಯಾಟರಿಯ ವ್ಯವಸ್ಥೆ ಸಾಮಾನ್ಯವಾಗಿ ೧೨ ಅಥವಾ ೨೪ ವೋಲ್ಟಿನದು. ಅದು ಮನೆಯ ವಿದ್ಯುತ್ತಿನಂತೆ ಮುಟ್ಟಿದವರನ್ನು ಕೊಲ್ಲುವಂಥದಲ್ಲ. ಆದುದರಿಂದ ಅದರಿಂದ ಅಪಾಯವಿಲ್ಲವೆಂದು ಹಲವರು ಬಗೆಯುತ್ತಾರೆ. ಆದರೆ ಎಂಜಿನ್ನನ್ನು ಚಾಲೂ ಮಾಡುವ ಕ್ಷಣದಲ್ಲಿ ಅದೇ ಬ್ಯಾಟರಿಯು ನೂರಾರು ಆಂಪಿಯರ್ ಪ್ರವಾಹವನ್ನು ಒದಗಿಸುತ್ತದೆ. ವಾಹನದ ಲೋಹದ ಚೌಕಟ್ಟೇ ಬಹುಮಟ್ಟಿಗೆ ಆ ಪ್ರವಾಹವು ಬ್ಯಾಟರಿಗೆ ಮರಳುವ ದಾರಿ. ಹಳ್ಳದಿಣ್ಣೆಯ ರಸ್ತೆಯಲ್ಲಿ ಅದುರುವ ತಂತಿಯೊಂದು ಚೌಕಟ್ಟಿನ ಅಂಚಿಗೆ ದಿನವೂ ಉಜ್ಜಿದರೆ ಅದರ ಹೊದಿಕೆ ಸವೆಯುತ್ತದೆ. ಒಳಗಿನ ತಾಮ್ರವು ಲೋಹವನ್ನು ಮುಟ್ಟಿದೊಡನೆ ಪ್ರವಾಹ ಅಲ್ಲಿ ನುಗ್ಗಿ ತಂತಿಯು ಕೆಂಡದಂತೆ ಕಾಯುತ್ತದೆ. ಸಮೀಪದ ಎಣ್ಣೆಜಿಡ್ಡು ಹೊತ್ತಿಕೊಳ್ಳುತ್ತದೆ. ಸಡಿಲವಾದ ಕೂಡಿಕೆಯೂ ಹೀಗೆಯೇ ಬಿಸಿಯೇರುತ್ತದೆ. ತಂತಿಯು ಮಿತಿಮೀರಿ ಕಾಯುವುದನ್ನು ತಡೆಯಲೆಂದೇ ಫ್ಯೂಸ್ ಇದೆ. ಅದು ತಾನು ಕರಗಿ ವಾಹನವನ್ನು ಉಳಿಸುತ್ತದೆ.

ತಂತಿ ಸಾಗುವ ಹಾದಿಯನ್ನು ತಯಾರಕನೇ ತಪ್ಪಾಗಿ ಗೊತ್ತುಮಾಡಿದ್ದರೆ ಆ ದೋಷ ಒಂದು ಲಾರಿಯದಲ್ಲ. ಅದೇ ಮಾದರಿಯ ಸಾವಿರಾರು ಲಾರಿಗಳದು. ಚಾಲಕನು ಎಷ್ಟೇ ಎಚ್ಚರದಿಂದಿದ್ದರೂ ಅದನ್ನು ಕಾಣಲಾರ. ಆಗ ಉಳಿಯುವ ನ್ಯಾಯವಾದ ಮಾರ್ಗವೆಂದರೆ ಮಾರಿದ ವಾಹನಗಳನ್ನು ಮರಳಿ ಕರೆದು ತಯಾರಕನ ಖರ್ಚಿನಲ್ಲಿಯೇ ಸರಿಪಡಿಸುವುದು. ಇದನ್ನೇ ‘ರೀಕಾಲ್’ ಎನ್ನುತ್ತಾರೆ.

ನಮ್ಮ ದೇಶದಲ್ಲಿ ೨೦೧೨ರಲ್ಲಿ ವಾಹನ ತಯಾರಕರ ಸಂಘವು ಇದಕ್ಕಾಗಿ ತಾನಾಗಿಯೇ ಒಂದು ನಿಯಮಾವಳಿಯನ್ನು ರೂಪಿಸಿತು. ಆದರೆ ಅದು ತಯಾರಕರ ಇಚ್ಛೆಗೆ ಬಿಟ್ಟದ್ದಾಗಿತ್ತು. ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಚಾಲಕರಿಗೆ, ಪ್ರಯಾಣಿಕರಿಗೆ, ದಾರಿಹೋಕರಿಗೆ ಅಥವಾ ಪರಿಸರಕ್ಕೆ ಹಾನಿ ತರಬಲ್ಲ ದೋಷವಿದ್ದರೆ ಅಂಥ ವಾಹನಗಳನ್ನು ಮರಳಿ ಕರೆಯುವಂತೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ನಿಯಮ ಪಾಲಿಸದ ತಯಾರಕನಿಗೆ ೧೦೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಾಯಿತು.

ಬ್ಯಾಟರಿಯಿಂದಲೇ ಓಡುವ ವಾಹನಗಳಲ್ಲಿ ಈ ಹೊಣೆ ಇನ್ನೂ ಹಿರಿದು. ೨೦೦೧ರಲ್ಲಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ಹೊರತಂದ ಕೀರ್ತಿ ಬೆಂಗಳೂರಿನದು. ಎರಡು ದಶಕಗಳ ಬಳಿಕ ಈ ನಗರಕ್ಕೆ ಎಚ್ಚರಿಕೆಯ ಗಂಟೆಯೂ ಕೇಳಿಸಿತು. ೨೦೨೨ರ ಮಾರ್ಚ್ ತಿಂಗಳಲ್ಲಿ ಪುಣೆಯಲ್ಲಿ ಓಲಾ ಎಲೆಕ್ಟ್ರಿಕ್ ಸ್ಕೂಟರೊಂದು ಹೊತ್ತಿ ಉರಿಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಆ ಸಂಸ್ಥೆಯು ಏಪ್ರಿಲ್‌ನಲ್ಲಿ ಅದೇ ತಂಡದ ೧,೪೪೧ ಸ್ಕೂಟರುಗಳನ್ನು ತಪಾಸಣೆಗಾಗಿ ಮರಳಿ ಕರೆಯಿತು. ಬೇರೆ ಕೆಲವು ಸಂಸ್ಥೆಗಳ ಸ್ಕೂಟರುಗಳೂ ಅದೇ ತಿಂಗಳು ಹೀಗೆ ಹಿಂದಿರುಗಿದವು. ಸರ್ಕಾರವು ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿ ಅದೇ ವರ್ಷದ ಡಿಸೆಂಬರ್‌ನಿಂದ ಹಂತ ಹಂತವಾಗಿ ಜಾರಿಗೆ ತಂದಿತು.

ಆದರೆ ಕಾಯಿದೆಯಿದ್ದ ಮಾತ್ರಕ್ಕೆ, ತಯಾರಕನು ಪತ್ರ ಬರೆದ ಮಾತ್ರಕ್ಕೆ ಅಪಾಯ ತೊಲಗದು. ಗಾಡಿಯನ್ನು ಒಂದು ದಿನ ಕಾರ್ಯಾಗಾರದಲ್ಲಿ ಬಿಟ್ಟರೆ ಆ ದಿನದ ಬಾಡಿಗೆ ಹೋಯಿತು. ಸಾಲದ ಕಂತು ಮಾತ್ರ ನಿಲ್ಲದು. ಈ ಚಿಂತೆಯಿಂದ ಬಡ ಮಾಲೀಕನು ಪತ್ರವನ್ನು ಮಡಿಸಿಡುತ್ತಾನೆ. ಗಾಡಿ ಕೈಯಿಂದ ಕೈಗೆ ಮಾರಾಟವಾಗಿದ್ದರೆ ಪತ್ರವು ಹಳೆಯ ವಿಳಾಸದಲ್ಲಿಯೇ ಉಳಿಯುತ್ತದೆ. ಮತ್ತೆ ಮತ್ತೆ ಸುಡುವ ಫ್ಯೂಸಿನ ಸ್ಥಾನದಲ್ಲಿ ದಪ್ಪ ತಂತಿ ಸುತ್ತುವವರೂ ಉಂಟು. ಅದು ಕಾವಲುಗಾರನ ಕೈಕಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ. ಆದುದರಿಂದ ತಯಾರಕನು ಆ ಒಂದು ದಿನದ ನಷ್ಟವನ್ನೂ ಯೋಚಿಸಬೇಕು. ವಾಹನದೊಡೆಯನು ಆ ದಿನದ ಕೂಲಿಯನ್ನು ಚಾಲಕನಿಗೆ ಕಡಿಯಬಾರದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ನಮ್ಮಲ್ಲಿ ಬಲು ಹಳೆಯದು. ದೋಷವಿರುವ ವಾಹನವನ್ನು ಮರಳಿ ಕರೆಯುವುದೆಂದರೆ ಬೆಂಕಿ ಬೀಳುವ ಮೊದಲೇ ಬಾವಿ ತೋಡುವುದು. ಅದು ತಯಾರಕನಿಗೆ ಅವಮಾನವಲ್ಲ. ತನ್ನ ಕೈಕೆಲಸದ ಕುಂದನ್ನು ತಾನೇ ಸಾರಿ ಹೇಳಿ ತಿದ್ದುವವನು ಕೊಂಡವರ ಪ್ರಾಣವನ್ನೂ ತನ್ನ ಮಾನವನ್ನೂ ಒಟ್ಟಿಗೆ ಉಳಿಸಿಕೊಳ್ಳುತ್ತಾನೆ.