ಎರಡನೆಯದೇ ಛಲೋ ಅನ್ನಿಸಿದರೆ

ತಮ್ಮಾ, ಬನಶಂಕರಿ ಜಾತ್ರೆಗೆ ಮೊದಲೇ ಹೊಸ ಸೌಂಡ್ ಬಾಕ್ಸ್ ತರಲು ಬಾಗಲಕೋಟೆಗೆ ಹೊರಟಿದ್ದೀಯಂತೆ. ಬನದ ಹುಣ್ಣಿಮೆಯಿಂದ ವಾರಗಟ್ಟಲೆ ನಾಟಕ ಕಂಪನಿಗಳು ಜಾತ್ರೆಯಲ್ಲಿ ಠಿಕಾಣಿ ಹೂಡುತ್ತವೆ; ಒಂದು ಥೇಟರಿನ ಮಾತು ಇನ್ನೊಂದಕ್ಕೆ ನುಗ್ಗುತ್ತದೆ. ಒಳ್ಳೆಯ ಬಾಕ್ಸ್ ಬೇಕೇ ಬೇಕು. ಆದರೆ ಅಂಗಡಿಯಲ್ಲಿ ಎರಡನ್ನು ಒಂದರ ಹಿಂದೊಂದು ಹಚ್ಚಿಸಿ ಕೇಳಿ, ‘ಎರಡನೆಯದೇ ಛಲೋ’ ಎಂದು ರೊಕ್ಕ ಎಣಿಸಬೇಡ.

ಇಳಕಲ್ಲಿನ ಜಾಣ ವ್ಯಾಪಾರಿ ಮಾರಬೇಕೆಂದಿರುವ ಸೀರೆಯನ್ನು ಮೊದಲೇ ಬಿಚ್ಚುವುದಿಲ್ಲ. ಮಂಕು ಬಣ್ಣದ ನಾಲ್ಕನ್ನು ತೋರಿಸಿ, ಆಮೇಲೆ ಟೋಪ್ ತೆನಿ ಸೆರಗು ಹರವುತ್ತಾನೆ. ಆದರೂ ಸೀರೆಗಳನ್ನು ಪಕ್ಕಪಕ್ಕ ಹಾಸಿ ನೋಡಬಹುದು. ದನಿಗೆ ಆ ಅನುಕೂಲವಿಲ್ಲ. ನಿಂತ ಕೆಲವೇ ಸೆಕೆಂಡಿನಲ್ಲಿ ಅದರ ನಯ-ಒರಟು ನೆನಪಿನಿಂದ ಮಾಸತೊಡಗುತ್ತದೆ. ಮಾಸಿದ್ದರ ಜೊತೆಗೇ ನೀನು ಎರಡನೆಯದನ್ನು ತೂಗುತ್ತೀ.

ಒಂದರ ಹಿಂದೊಂದು ಎತ್ತಿದ ತೂಕಗಳಲ್ಲಿ ಯಾವುದು ಮೊದಲು ಬಂತೆಂಬುದೇ ತೀರ್ಪನ್ನು ವಾಲಿಸುತ್ತದೆಂದು ಜರ್ಮನಿಯ ವಿಜ್ಞಾನಿ ಫೆಕ್ನರ್ 1860ರಲ್ಲೇ ಬರೆದಿದ್ದ. ಬ್ರಸೆಲ್ಸಿನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಯಾರು ಯಾವಾಗ ನುಡಿಸಬೇಕೆಂದು ಚೀಟಿ ಎತ್ತುತ್ತಾರೆ. ಸಂಶೋಧಕರಾದ ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ 1996ರಲ್ಲಿ ಅದರ ಹಳೆಯ ಫಲಿತಾಂಶಗಳನ್ನು ಲೆಕ್ಕಹಾಕಿದಾಗ, ಮೊದಲ ದಿನ ನುಡಿಸಿದವರು ಹಿಂದೆ ಬಿದ್ದದ್ದು ಕಂಡಿತು. ನುರಿತ ತೀರ್ಪುಗಾರರ ಗತಿಯೇ ಅದು! ನಮ್ಮ ಭಜನಾ ಸ್ಪರ್ಧೆಗಳಲ್ಲಿ ಮೊದಲು ಹಾಡುವ ಮೇಳದ ಪಾಡೂ ಬೇರೆಯೇನಲ್ಲ ಅನ್ನುವುದು ನನ್ನ ಗುಮಾನಿ.

ಅದಕ್ಕೇ, ಮೊದಲನೆಯದು, ಎರಡನೆಯದು ಕೇಳಿದ ಮೇಲೆ ಎರಡನೆಯದು, ಮೊದಲನೆಯದು ಎಂದು ತಿರುವಿ ಹಚ್ಚಿಸು. ಸರದಿ ಬದಲಾದೊಡನೆ ನಿನ್ನ ಮನಸ್ಸೂ ಬದಲಾದರೆ, ಆರಿಸಿದ್ದು ನಿನ್ನ ಕಿವಿಯಲ್ಲ, ಸರದಿ. ವಾಲ್ಯೂಮಿನ ಮೇಲೆ ಕಣ್ಣಿಡು. ಕೂದಲೆಳೆಯಷ್ಟು ಜೋರಾದದ್ದು ಜೋರು ಅನ್ನಿಸುವುದಿಲ್ಲ, ‘ಛಲೋ’ ಅನ್ನಿಸುತ್ತದೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಜಾಗದಲ್ಲಿ ನಿಂತು, ಮೊಬೈಲಿನ ಸೌಂಡ್ ಮೀಟರ್ ಹಿಡಿದು, ಎರಡನ್ನೂ ಸಮ ಮಾಡಿಸು.

ಆಮೇಲೆ ಬೆನ್ನು ತಿರುಗಿಸಿ ನಿಲ್ಲು. ಜೊತೆಗಾರ ನಾಣ್ಯ ಚಿಮ್ಮಿ, ಬಿದ್ದದ್ದಕ್ಕೆ ತಕ್ಕಂತೆ ಮೊದಲು ಯಾವುದೆಂದು ನಿರ್ಧರಿಸಿ, ಹೆಸರು ಹೇಳದೆ ಎರಡನ್ನೂ ಹಚ್ಚಲಿ. ನೀನು ಮೆಚ್ಚಿದ್ದನ್ನು ಅವನು ಬರೆದುಕೊಳ್ಳಲಿ. ಹೀಗೆ ಹತ್ತು ಸಲ. ಸುಮ್ಮನೆ ಊಹಿಸಿದರೂ ಆರೇಳು ಸಲ ಒಂದೇ ಬಾಕ್ಸಿಗೆ ಬೀಳುವುದು ಸಾಮಾನ್ಯ; ಒಂಬತ್ತು ಅಥವಾ ಹತ್ತೂ ಸಲ ಬೀಳುವುದು ನೂರಕ್ಕೆ ಸುಮಾರು ಎರಡೇ ಬಾರಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ‘ಮುಶ್ರಾ’ ಎಂಬ ಕೇಳ್ಮೆ ಪರೀಕ್ಷೆಯಲ್ಲೂ ಮಾದರಿಗಳ ಸರದಿ ಕಲಸಿ, ಮೂಲ ದನಿಯನ್ನೇ ಹೆಸರಿಲ್ಲದೆ ನಡುವೆ ಬಚ್ಚಿಡುತ್ತಾರೆ.

ಸಿನಿಮಾ ಹಾಡು ಹಚ್ಚಿಸಬೇಡ, ಬೇಸ್ ದನಿಗೆ ಮರುಳಾಗುತ್ತೀ. ನಾಟಕದ ಸಂಭಾಷಣೆ ಕೇಳು; ‘ಸ’, ‘ಶ’, ‘ಚ’ ಬಿಡಿಬಿಡಿಯಾಗಿ ಬರುತ್ತವೆಯೇ ನೋಡು. ಹಿಂದಿನ ಸಾಲಿನ ಮುದುಕಿಗೆ ಮಾತು ತಿಳಿಯಬೇಕು.

ಹತ್ತು ಸಲಕ್ಕೂ ಭೇದ ಹತ್ತದಿದ್ದರೆ, ಹತ್ತಿರದಲ್ಲೇ ಯಾವುದರ ರಿಪೇರಿ ಆಗುತ್ತದೋ ಅದನ್ನು ತಗೋ. ಆಟದ ನಡುವೆ ಕಾಯಿಲ್ ಸುಟ್ಟರೆ ಬಾಗಲಕೋಟೆಗೆ ಓಡಲು ಆಗುವುದಿಲ್ಲ.